ಅಪ್ಪನ ‘ಜನತಾ’

ಹಳೆಯ ಕೈಗಡಿಯಾರಗಳನ್ನು ಕೂಡಿಡುವ ಹುಚ್ಚು ನನಗೆ ಹಿಡಿದು ಎಂಟು ವರ್ಷಗಳಾದುವು. ಪಂಪ ರನ್ನರನ್ನು ಓದಿಸಿ ಬದುಕುವವನಿಗೆ ಚಿಮಟ, ಭೂತಗನ್ನಡಿಗಳೊಡನೆ ಏನು ಕೆಲಸವೆಂದು ಮನೆಯಾಕೆ ಕೇಳುತ್ತಲೇ ಇರುತ್ತಾಳೆ. ಅದಕ್ಕೆ ತಕ್ಕ ಉತ್ತರ ನನ್ನಲ್ಲಿಲ್ಲ. ಇರುವುದು ಹದಿನಾಲ್ಕು ಗಡಿಯಾರಗಳು ಮಾತ್ರ.

ಅವುಗಳಲ್ಲಿ ಹೆಚ್ಚಿನವು ನಮ್ಮ ಬೆಂಗಳೂರಿನವೇ. ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಇಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ತಲೆಯೆತ್ತಿತು. 2016ರಲ್ಲಿ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆಯಿತ್ತಿತು. ನಡುವಣ ದಶಕಗಳಲ್ಲಿ ಮದುವೆಯ ಗಂಡಿಗೂ ನಿವೃತ್ತ ಗುಮಾಸ್ತನಿಗೂ ಕೊಡಲು ಅದಕ್ಕಿಂತ ಮೇಲಾದ ಉಡುಗೊರೆ ಇರಲಿಲ್ಲ.

‘ಜನತಾ’ ಎಂಬುದು ಕೀ ಕೊಟ್ಟರೆ ಓಡುವ ಗಡಿಯಾರ. ಸುತ್ತಿಕೊಂಡ ಉಕ್ಕಿನ ಪಟ್ಟಿಯೊಂದು ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ನೂಕುತ್ತದೆ. ಅತ್ತಿತ್ತ ತೂಗುವ ಪುಟ್ಟ ಚಕ್ರವೊಂದು, ಕೂದಲೆಳೆಯಂಥ ಸುರುಳಿಯ ಜೊತೆಗೂಡಿ, ಆ ಓಟಕ್ಕೆ ಕಡಿವಾಣ ಹಾಕುತ್ತದೆ. ಉಜ್ಜಾಟದಿಂದ ಸವೆಯದಂತೆ ಹದಿನೇಳು ಕೃತಕ ಮಾಣಿಕ್ಯಗಳಿವೆ. ಗಂಟೆಗೆ 18,000 ಬಡಿತ, ದಿನಕ್ಕೆ 4,32,000. ಪುರಾಣಗಳು ಕಲಿಯುಗಕ್ಕೆ ಹೇಳುವ ವರ್ಷಗಳ ಎಣಿಕೆಯೂ ಅಷ್ಟೇ! ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಕ್ಕರು.

ಪೇಟೆಯಲ್ಲಿ ಕೊಳ್ಳುವವರು ಎಚ್ಚರದಿಂದಿರಬೇಕು. ಮಾಸಿದ ಮುಖಕ್ಕೆ ಹೊಸ ಬಣ್ಣ ಬಳಿದು ಮಾರುವವರು ಬಹಳ. ಹಸ್ತಪ್ರತಿಯನ್ನು ತನ್ನಿಚ್ಛೆಗೆ ತಿದ್ದಿದ ಸಂಪಾದಕನ ಮೇಲೆ ಬರುವ ಸಿಟ್ಟೇ ನನಗೆ ಅವರ ಮೇಲೂ ಬರುತ್ತದೆ.

ನಮ್ಮ ತಂದೆಯವರು 1981ರಲ್ಲಿ ಮೊದಲ ಸಂಬಳದಲ್ಲಿ ಒಂದು ಜನತಾ ಕೊಂಡಿದ್ದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ದಿನವೂ ಬೆಳಗಿನ ವಾರ್ತೆಯ ಹೊತ್ತಿಗೆ ಅಮ್ಮ ಅದಕ್ಕೆ ಕೀ ಕೊಡುತ್ತಿದ್ದರೆಂಬುದು ನನಗೆ ತಿಳಿದದ್ದು ಇತ್ತೀಚೆಗೆ. ಬಿಚ್ಚಿ ನೋಡಿದರೆ ಎಣ್ಣೆಯೆಲ್ಲ ಒಣಗಿ ಅಂಟಾಗಿತ್ತು.

“ಹೀಗೇ ಓಡಿಸಿದರೆ ಒಳಗಿನ ಅಚ್ಚುಗಳು ಸವೆದುಹೋಗುತ್ತವಮ್ಮ. ಇನ್ನು ಕೀ ಕೊಡಬೇಡ” ಎಂದು ಗದರಿದೆ. ಅಮ್ಮ ಮಾತಾಡಲಿಲ್ಲ.

ಆಮೇಲೆ ಬಂದದ್ದು ಉತ್ತರಪತ್ರಿಕೆಗಳ ರಾಶಿ. ಗಡಿಯಾರ ಎರಡು ತಿಂಗಳು ನನ್ನ ಮೇಜಿನೊಳಗೇ ಬಿದ್ದಿತ್ತು. “ವಾರ್ತೆ ಶುರುವಾದರೆ ಅತ್ತೆ ಗೂಡಿನ ಹತ್ತಿರ ಬಂದು, ಸುಮ್ಮನೆ ನಿಂತು, ಹೋಗುತ್ತಾರೆ. ನೀವು ನೋಡಿದ್ದೀರಾ?” ಎಂದು ಮನೆಯಾಕೆ ಒಂದು ರಾತ್ರಿ ಕೇಳಿದಳು. ನಾನು ನೋಡಿರಲಿಲ್ಲ.

ಆ ಭಾನುವಾರವೇ ಕುಳಿತೆ. ಒಂದೊಂದೇ ಚಕ್ರವನ್ನು ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಬೆವರಿನಿಂದ ಕಂದಿದ ಮುಖವನ್ನು ಮುಟ್ಟಲಿಲ್ಲ. ಒಂದು ವಾರ ಪರೀಕ್ಷಿಸಿ, ದಿನಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಪ್ಪದಂತೆ ಹದಗೊಳಿಸಿ, ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಬಳಿಕ ಅದನ್ನು ನನ್ನ ಮಖಮಲ್ಲಿನ ಪೆಟ್ಟಿಗೆಯಲ್ಲಿಡುವುದೆಂದು ಮನಸ್ಸಿನಲ್ಲಿತ್ತು.

ಅಮ್ಮ ಗೋಡೆಯ ಗಡಿಯಾರವನ್ನೊಮ್ಮೆ, ಇದನ್ನೊಮ್ಮೆ ನೋಡಿದರು. “ಇದು ಸರಿಯಿಲ್ಲವಲ್ಲೋ.”

“ರೇಡಿಯೋ ಕೇಳಿ ಸರಿಮಾಡಿದ್ದೇನಮ್ಮ!”

“ಅವರದು ಯಾವಾಗಲೂ ಐದು ನಿಮಿಷ ಮುಂದಿರುತ್ತಿತ್ತು. ಬಸ್ಸು ತಪ್ಪಬಾರದು ಅಂತ.”

ಅವರೇ ಕೀಯನ್ನು ಉಗುರಿನಿಂದ ಎಳೆದು, ಮುಳ್ಳನ್ನು ಐದು ನಿಮಿಷ ಮುಂದೆ ಸರಿಸಿ, ಗೂಡಿನಲ್ಲಿಟ್ಟರು. ನನ್ನ ಪೆಟ್ಟಿಗೆಯಲ್ಲಿ ಹದಿನೈದನೆಯ ಮನೆ ಇನ್ನೂ ಖಾಲಿಯಿದೆ.