ಒಲ್ಲೆ ಎನ್ನುವುದಕ್ಕೂ ಒಂದು ಲೆಕ್ಕ ಬೇಕು

ಕಳೆದ ತಿಂಗಳು ಸಂಘದ ಸಭೆ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಹೊತ್ತಿನಲ್ಲಿ, ನಮ್ಮ ತರುಣ ಸದಸ್ಯರು ನಾಲ್ಕೈದು ಮಂದಿ ಮೂಲೆಯಲ್ಲಿ ದೊಡ್ಡ ಚರ್ಚೆಗೆ ತೊಡಗಿದ್ದರು. ಎಲ್ಲರೂ ಕಂಪ್ಯೂಟರ್ ಕಂಪನಿಗಳಲ್ಲಿ ಹತ್ತು ಹದಿನೈದು ವರ್ಷ ಪಳಗಿದವರು. ಎಷ್ಟು ಸಂಬಳ ಕೊಟ್ಟರೂ ತಾವು ಮುಟ್ಟದ ಪ್ರೋಗ್ರಾಮಿಂಗ್ ಭಾಷೆಗಳು ಯಾವುವು ಎಂಬುದು ವಿಷಯ. ಒಬ್ಬರು ಕೋಬಾಲ್ ಎಂದರು. ಇನ್ನೊಬ್ಬರು ಪಿ.ಎಚ್.ಪಿ. ಎಂದರು. ಮೂರನೆಯವರು ವಿಷುಯಲ್ ಬೇಸಿಕ್ ಹೆಸರೆತ್ತಿದೊಡನೆ ನಗೆಯೋ ನಗೆ. ನಾನು ನಡುವೆ ಬಾಯಿ ಹಾಕಿದೆ. “ಕಾಕಾ, ನಿಮಗ್ಯಾಕ ಬೇಕು ಈ ಉಸಾಬರಿ?” ಎಂದು ಒಬ್ಬ ಹುಡುಗ ಪ್ರೀತಿಯಿಂದಲೇ ಕೇಳಿದ.

ಬೇಕು ತಮ್ಮಾ. ಉತ್ತರ ತಟ್ಟೆ ಹಿಡಿದು ನಿಂತು ಹೇಳಿ ಮುಗಿಯುವಂಥದ್ದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೇಂದ್ರ ಸರಕಾರದ ಗುಮಾಸ್ತ. ಧಾರವಾಡದಲ್ಲಿ ಬಿ.ಎಸ್‌ಸಿ. ಓದುವಾಗ ಫೋರ್ಟ್ರಾನ್, ಸಿ ಭಾಷೆಗಳ ಒಂದಿಷ್ಟು ಪಾಠವಾಗಿತ್ತು. ಅಷ್ಟೇ ನನ್ನ ಬಂಡವಾಳ. ಆದರೆ ನೀವು ಬರೆದದ್ದನ್ನೂ ಬರೆಯಲೊಲ್ಲೆ ಎಂದದ್ದನ್ನೂ ದಿನವಿಡೀ ಕೌಂಟರಿನಲ್ಲಿ ಕುಳಿತು ಉಣ್ಣುವವನು ನಾನು. ನನ್ನೆದುರು ಸಾಲಿನಲ್ಲಿ ನಿಂತವರದ್ದು ನನಗಿಂತ ಹೆಚ್ಚಿನ ಪಾಲು.

ಕೋಬಾಲನ್ನೇ ನೋಡಿ. 1959ರಲ್ಲಿ ಅಮೆರಿಕದಲ್ಲಿ ಒಂದು ಸಮಿತಿ ಕೂತು ಕಟ್ಟಿದ ಭಾಷೆ ಅದು. ಗ್ರೇಸ್ ಹಾಪರ್ ಅವರ ಫ್ಲೋ-ಮ್ಯಾಟಿಕ್ ಅದಕ್ಕೆ ಮುಖ್ಯ ಪ್ರೇರಣೆ. ಲೆಕ್ಕಪತ್ರದವರಿಗೂ ಓದಿದರೆ ತಿಳಿಯಲಿ ಎಂಬುದು ಉದ್ದೇಶ. ಡೈಕ್‌ಸ್ಟ್ರಾ ಎಂಬ ದೊಡ್ಡ ಪಂಡಿತರು 1975ರಲ್ಲೇ ಇದು ಬುದ್ಧಿಯನ್ನು ಕೆಡಿಸುತ್ತದೆ, ಇದನ್ನು ಕಲಿಸುವುದು ಅಪರಾಧವಾಗಬೇಕು ಎಂಬರ್ಥದಲ್ಲಿ ಬರೆದರು. ಅಂದಿನಿಂದ ಅದನ್ನು ಹಳಿಯುವುದು ಜಾಣತನದ ಗುರುತಾಗಿಬಿಟ್ಟಿತು. ಆದರೆ ಇಂದಿನ ಹಲವು ಜನಪ್ರಿಯ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿರಿ, 0.30000000000000004 ಎಂದು ಬರುತ್ತದೆ. ತಿಳಿದವರು ಅದಕ್ಕೆ ಬೇರೆ ಉಪಾಯ ಮಾಡುತ್ತಾರೆ, ನಿಜ. ಕೋಬಾಲಿನಲ್ಲಿ ದಶಮಾಂಶ ಲೆಕ್ಕ ಹುಟ್ಟಿನಿಂದಲೇ ಇದೆ. ಪೈಸೆ ಪೈಸೆಯ ಹೊಂದಾಣಿಕೆಗೆ ಕೂತವನಿಗೆ ಇದು ಸಣ್ಣ ಮಾತೇ?

2020ರ ಏಪ್ರಿಲ್‌ನಲ್ಲಿ ಕೊರೋನಾದಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಮುಗಿಬಿದ್ದಾಗ, ನ್ಯೂಜೆರ್ಸಿಯ ಗವರ್ನರರೇ ಕೋಬಾಲ್ ಬಲ್ಲವರು ಬೇಕಾಗಿದ್ದಾರೆ ಎಂದು ಬಹಿರಂಗವಾಗಿ ಕೇಳಬೇಕಾಯಿತು. ನಮ್ಮವರೂ ಮರೆಯಬಾರದು. 2000ನೇ ಇಸವಿ ಬರುವ ಮುನ್ನ, ಹಳೆಯ ಪ್ರೋಗ್ರಾಮುಗಳಲ್ಲಿ ಎರಡೇ ಅಂಕೆಯಲ್ಲಿ ಬರೆದಿದ್ದ ವರ್ಷಗಳನ್ನು ತಿದ್ದುವ ಕೆಲಸದಿಂದಲೇ ಭಾರತದ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳು ತಲೆಯೆತ್ತಿದವು. ಏರಿಬಂದ ಏಣಿಯನ್ನು ಒದೆಯುವುದು ಯಾವ ಸಂಸ್ಕೃತಿ?

ಪಿ.ಎಚ್.ಪಿ.ಯ ಮಾತೂ ಅಷ್ಟೇ. 1995ರಲ್ಲಿ ಹೊರಬಂದ ಆ ಭಾಷೆಯಲ್ಲಿ ಓರೆಕೋರೆಗಳು ಬೇಕಾದಷ್ಟಿವೆಯಂತೆ. ಇರಲಿ. ನಮ್ಮ ಮಕ್ಕಳು ಶಾಲೆಯ ಪಾಠಕ್ಕೆ ತಡಕುವ ವಿಕಿಪೀಡಿಯಾ, ಕನ್ನಡ ವಿಕಿಪೀಡಿಯಾ ಸಹಿತ, ನಡೆಯುವುದು ಅದೇ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಮೇಲೆ.

ಹಾಗಾದರೆ ಯಾವುದನ್ನೂ ಒಲ್ಲೆ ಎನ್ನಬಾರದೇ? ಹಾಗಲ್ಲ. ನನ್ನ ಅಳತೆಗೋಲು ಒಂದೇ. ಒಲ್ಲೆ ಎನ್ನುವುದು ಹೇಳುವವನ ಸುಖಕ್ಕೋ, ಸಾಲಿನ ಕೊನೆಯಲ್ಲಿ ನಿಂತವನ ಹಿತಕ್ಕೋ? ಹಿಂದೆ ನಮ್ಮ ಕೆಲಸದ ಒಂದು ಜಾಲಪುಟ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ತೆರೆಯುತ್ತಿತ್ತು. ಅದಕ್ಕೆಂದೇ ಒಂದು ಹಳೆಯ ಕಂಪ್ಯೂಟರನ್ನು ಮೂಲೆಯಲ್ಲಿರಿಸಿ, ‘ಯಾರೂ ಇದನ್ನು ಅಪ್‌ಡೇಟ್ ಮಾಡಕೂಡದು’ ಎಂದು ಚೀಟಿ ಅಂಟಿಸಿದ್ದೆವು. ಅದು ಕೆಟ್ಟ ದಿನ ಪಿಂಚಣಿದಾರರಿಗೆ ‘ನಾಳೆ ಬನ್ನಿ’ ಎನ್ನುವ ಪಾಪ ನನ್ನ ಪಾಲಿಗೆ. ಇಂಥದನ್ನು ಇನ್ನು ಕಟ್ಟುವುದಿಲ್ಲ ಎಂದ ಅನುಭವಿ ಎಂಜಿನಿಯರನಿಗೆ ಸೋಮಾರಿ ಎಂಬ ಬಿರುದು ಸಿಕ್ಕಿತು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಆ ಬ್ರೌಸರನ್ನೇ ನಿವೃತ್ತಿಗೊಳಿಸಿತು. ಆತ ಹೇಳಿದ್ದೇ ಸರಿಯಾಗಿತ್ತು.

ಈಗ ಮನೆಯ ಮಾತಿಗೆ ಬರುತ್ತೇನೆ. ಸಂಪಾದಕರು ಕ್ಷಮಿಸಬೇಕು. ನಮ್ಮ ಈ ಪತ್ರಿಕೆ ಇಂದಿಗೂ ಅಚ್ಚಾಗುವುದು ಪೇಜ್‌ಮೇಕರಿನಲ್ಲಿ, ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ. ಆ ಫಾಂಟುಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಕುರ್ಚಿಯಲ್ಲಿ ಕೂರಿಸುತ್ತವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಮಾತು ಇಂಗ್ಲಿಷಿನ ಪಿ, ಪೌಂಡಿನ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಎ, ಒಂದು ಕ್ಯೂ ಹೀಗೆ ಕಲಸುಮೇಲೋಗರವಾಗಿ ಕಾಣುತ್ತದೆ. ಬೇರೆ ದಾರಿ ಇಲ್ಲದ ಕಾಲದಲ್ಲಿ ಅವು ಕನ್ನಡಕ್ಕೆ ಉಪಕಾರವನ್ನೇ ಮಾಡಿದವು. ಆದರೆ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ ದೊರೆತದ್ದು 1991ರಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಇತ್ತು. ಪೇಜ್‌ಮೇಕರಿನ 7.0 ಆವೃತ್ತಿ ಬಂದದ್ದೂ 2001ರಲ್ಲೇ. ಮುಂದೆ ಅದರ ಬೆಳವಣಿಗೆ ನಿಂತಿತು, ಯುನಿಕೋಡ್ ಅದಕ್ಕೆ ತಿಳಿಯಲೇ ಇಲ್ಲ. ನಾವೂ ಅದರೊಡನೆ ನಿಂತಿದ್ದೇವೆ.

ಇದರ ಬೆಲೆ ಏನು? ಮೂರು ವರ್ಷದ ಹಿಂದೆ ತೀರಿಕೊಂಡ ನಮ್ಮ ಹಿರಿಯ ಸದಸ್ಯರೊಬ್ಬರು ಮುಂಬಯಿಯ ಕನ್ನಡ ರಾತ್ರಿಶಾಲೆಗಳ ನೆನಪುಗಳನ್ನು ಈ ಪತ್ರಿಕೆಗೆ ಬರೆದಿದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕಲಿತವರ ಕಥೆ. ಅವರ ಮಗಳು ಆ ಲೇಖನಗಳನ್ನು ಕೇಳಿಕೊಂಡು ಬಂದರು. ಅಚ್ಚಾದ ಪ್ರತಿಗಳು ಮಳೆಗಾಲದಲ್ಲಿ ನೆನೆದು ಹೋಗಿದ್ದವು. ಸಿ.ಡಿ. ಸಿಕ್ಕಿತು, ತೆರೆದರೆ ಪಿ, ಪೌಂಡು, ಕ್ಯೂ! ಸಾಮಾನ್ಯ ಫಾಂಟುಗಳಿಗೆ ಪರಿವರ್ತಕಗಳಿವೆ. ಆದರೆ ಇದು ಡಿ.ಟಿ.ಪಿ. ಅಂಗಡಿಯವರು ತಾವೇ ತಿದ್ದಿಕೊಂಡಿದ್ದ ಫಾಂಟ್, ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಆ ಹೆಣ್ಣುಮಗಳು “ಇರಲಿ ಬಿಡ್ರಿ” ಎಂದು ಹೊರಟರು. ತಂದೆಯ ಮಾತು ಎದುರಿಗಿದ್ದೂ ಓದಲಾಗದೆ ಹೋದರು.

ಮುಟ್ಟುವುದಿಲ್ಲ ಎಂದು ನಗುವ ತರುಣರೇ, ನಿಮ್ಮ ತಿರಸ್ಕಾರ ಇಲ್ಲಿ ಬೇಕಿತ್ತು! ಸಂಬಳದ ಕೆಲಸದಲ್ಲಿ ಕೋಬಾಲನ್ನು ಹಳಿಯುವ ನೀವು, ಸಂಘದ ಪತ್ರಿಕೆಗೆ ತೆಪ್ಪಗೆ ಹಳೆಯ ಫಾಂಟಿನಲ್ಲೇ ಲೇಖನ ಟೈಪಿಸಿ ಕೊಡುತ್ತೀರಲ್ಲ!

ಅಚ್ಚಿನವರು ‘ಖರ್ಚು ಬರುತ್ತದೆ’ ಎನ್ನುತ್ತಾರೆ. ಲಿಬ್ರೆಆಫೀಸ್ ಬಿಟ್ಟಿ ಸಿಗುತ್ತದೆ, ಯುನಿಕೋಡ್ ಕನ್ನಡವನ್ನು ಸರಿಯಾಗಿ ಮೂಡಿಸುತ್ತದೆ. ನಮ್ಮಂಥ ಸಣ್ಣ ಪತ್ರಿಕೆಗೆ ಅಷ್ಟು ಸಾಕು. ಹಳೆಯ ಸಂಚಿಕೆಗಳು ಯಾರ ಮನೆಯಲ್ಲಿದ್ದರೂ ದಯವಿಟ್ಟು ಕೊಡಿ. ಭಾನುವಾರಗಳಂದು ಕೂತು ಯುನಿಕೋಡಿನಲ್ಲಿ ಟೈಪ್ ಮಾಡಲು ನಾನು ಸಿದ್ಧ. ಮೊದಲು ಆ ರಾತ್ರಿಶಾಲೆಯ ಲೇಖನಗಳು. ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಈ ಬಗ್ಗೆ ಠರಾವು ತರುತ್ತೇನೆ. ಅದು ಪಾಸಾಗುವ ತನಕ ಹಳೆಯ ಫಾಂಟಿನಲ್ಲಿ ಒಂದಕ್ಷರವನ್ನೂ ಕೊಡುವುದಿಲ್ಲ. ಈ ಲೇಖನವನ್ನೂ ಕೈಬರಹದಲ್ಲೇ ಕಳಿಸಿದ್ದೇನೆ.