ಪಾಡಾಗಳ ಹಕ್ಕು, ಉದ್ಯಾನದ ಗಡಿ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಮುಂಬಯಿಯ ದಾದರ್ ಮಾರುಕಟ್ಟೆಗೆ ಶೇವಳಾ ಬರುತ್ತದೆ. ಇದು ಸುವರ್ಣಗಡ್ಡೆಯ ಕಾಡುಬಳಗ; ಹಾಗೇ ಬೇಯಿಸಿ ತಿಂದರೆ ಗಂಟಲು ತುರಿಸುತ್ತದೆ. ಅದಕ್ಕೇ ಮಾರುವ ಆದಿವಾಸಿ ಹೆಂಗಸರು ಕಟ್ಟಿನ ಪಕ್ಕದಲ್ಲೇ ಹುಳಿಯಾದ ಕಾಕಡ ಕಾಯಿಯನ್ನೂ ಗುಡ್ಡೆ ಹಾಕಿರುತ್ತಾರೆ. ಕಾಡಿನ ಇಂಥ ಬೆಳೆ ಕಾನೂನಿನ ಕಣ್ಣಿಗೆ ಎರಡು ಬಗೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆದವರಿಗೆ ಅದು ಕಿರು ಅರಣ್ಯ ಉತ್ಪನ್ನ, ಒಡೆತನವೂ ಅವರದೇ. ಹಕ್ಕುಪತ್ರ ಇಲ್ಲದವರು ರಾಷ್ಟ್ರೀಯ ಉದ್ಯಾನದೊಳಗೆ ಅದನ್ನೇ ಕಿತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಈ ಇಬ್ಬಂದಿ ಎದ್ದು ಕಾಣುವುದು ದಾದರಿನಿಂದ ಲೋಕಲ್ ರೈಲಿನ ದಾರಿಯಷ್ಟೇ ದೂರವಿರುವ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ. ಸುಮಾರು 104 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ವಾರ್ಲಿ, ಮಲ್ಹಾರ ಕೋಳಿ, ಕೋಕಣಾ ಜನರ ಪಾಡಾಗಳು, ಅಂದರೆ ಆದಿವಾಸಿ ಹಾಡಿಗಳು, ಇವೆ. ಚಿರತೆಯನ್ನು ವಾಘೋಬಾ ಎಂದು ಪೂಜಿಸುವವರು ಇವರು. ಉದ್ಯಾನದ ಅತಿಕ್ರಮಣದ ವಿರುದ್ಧ ಪರಿಸರ ಸಂಘಟನೆಯೊಂದು 1995ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು; 1997ರಲ್ಲಿ ತೆರವಿನ ಆದೇಶ ಬಂತು. ಪುನರ್ವಸತಿಗೆ ಅಳತೆಗೋಲಾದದ್ದು 1995ರ ಜನವರಿ 1ರ ಮತದಾರರ ಪಟ್ಟಿ ಮತ್ತು 7,000 ರೂಪಾಯಿ ಪಾವತಿ. ಜೋಪಡಿಪಟ್ಟಿಗೆ ಹೊಲಿದ ಅಂಗಿಯನ್ನೇ ಪಾಡಾಕ್ಕೂ ತೊಡಿಸಲಾಯಿತು. ಕೆಲಸ ಹುಡುಕಿ ಬಂದು ಗುಡಿಸಲು ಹಾಕಿದವರನ್ನೂ ಉದ್ಯಾನ ಘೋಷಣೆಯಾಗುವ ಮೊದಲಿನಿಂದ ಇದ್ದವರನ್ನೂ ಒಂದೇ ಪಟ್ಟಿಯಲ್ಲಿ ಹುಡುಕಿದ್ದು ಸಣ್ಣ ತಪ್ಪಲ್ಲ.

2006ರ ಕಾಯ್ದೆ ಈ ಲೆಕ್ಕವನ್ನೇ ಬದಲಿಸಿತು. ಅದರ ಗಡಿ ದಿನಾಂಕ 2005ರ ಡಿಸೆಂಬರ್ 13. ರಾಷ್ಟ್ರೀಯ ಉದ್ಯಾನಗಳೂ ಅದರ ವ್ಯಾಪ್ತಿಯಲ್ಲಿವೆ. ಹಕ್ಕು ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ವನ್ಯಜೀವಿಗಳಿಗಾಗಿ ಜನರನ್ನು ಸ್ಥಳಾಂತರಿಸಲು ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು. ಮುಂಬಯಿಯಲ್ಲಿ ಇರುವುದು ಮಹಾನಗರಪಾಲಿಕೆ, ಗ್ರಾಮ ಪಂಚಾಯಿತಿಯಲ್ಲ. ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಹಳೆಯ ವಸತಿ, ಅಳತೆಯಾಗದ ಊರು ಎಲ್ಲವೂ ಗ್ರಾಮವೇ. ಪಾಲಿಕೆಯ ಗಡಿಯೊಳಗಿದೆ ಎಂಬ ಕಾರಣಕ್ಕೆ ಪಾಡಾದ ಹಕ್ಕನ್ನು ಬದಿಗಿಡಲು ಅದರಲ್ಲಿ ಆಧಾರವಿಲ್ಲ.

ಉದ್ಯಾನಕ್ಕೆ ಅಂಟಿಕೊಂಡ ಆರೇ ಕಾಲೊನಿಯದು ಇನ್ನೊಂದು ವಿಚಿತ್ರ. 2019ರ ಅಕ್ಟೋಬರಿನಲ್ಲಿ ಮೆಟ್ರೊ ಡಿಪೊಗಾಗಿ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದಾಗ ಅದು ಕಾಡೇ ಅಲ್ಲ ಎಂಬ ವಾದವಿತ್ತು. ಮರುವರ್ಷ 800ಕ್ಕೂ ಹೆಚ್ಚು ಎಕರೆಯನ್ನು ಮೀಸಲು ಅರಣ್ಯವೆಂದು ಘೋಷಿಸುವ ನಿರ್ಧಾರ ಬಂದಾಗ ಅಲ್ಲಿನ ಪಾಡಾಗಳಿಗೆ ತಮ್ಮ ಹಕ್ಕು ತೋರಿಸುವ ದಾಖಲೆ ಹುಡುಕುವ ಚಿಂತೆ ಹತ್ತಿತು.

ಕರ್ನಾಟಕದಲ್ಲಿ ಬೇರೆ ದಾರಿಯ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹ ಅಪರಾಧದ ಪಟ್ಟಿಯಿಂದ ಹೊರಬಂತು. ನಾಗರಹೊಳೆಯ ಹಲವು ಜೇನುಕುರುಬರ ಪಾಲಿಗೆ ಅಂಥ ತೀರ್ಮಾನ ಬಂದಿರಲಿಲ್ಲ. 2025ರ ಮೇ ತಿಂಗಳಲ್ಲಿ ಕೆಲವು ಕುಟುಂಬಗಳು ಕರಡಿಕಲ್ಲು ಹಾಡಿಗೆ ಮರಳಿ ಗುಡಿಸಲು ಕಟ್ಟಿದ್ದು 2006ರ ಅದೇ ಕಾಯ್ದೆಯನ್ನು ಮುಂದಿಟ್ಟುಕೊಂಡು.