‘ರೆಕ್ಕೆ’ ಎಂದರೆ ಯಾವ ರೆಕ್ಕೆ?



ಗುಬ್ಬಿಗೆ ರೆಕ್ಕೆ ಇದೆ. ಚಿಟ್ಟೆಗೂ ರೆಕ್ಕೆ ಇದೆ. ಎರಡೂ ಒಂದೇ ಬಗೆಯವೇ? ಅಲ್ಲ. ಗುಬ್ಬಿಯ ರೆಕ್ಕೆಯೊಳಗೆ ನಮ್ಮ ತೋಳಿನಂತೆ ಮೂಳೆಗಳಿವೆ. ಚಿಟ್ಟೆಯ ರೆಕ್ಕೆಯಲ್ಲಿ ಮೂಳೆಯೇ ಇಲ್ಲ. ಹೆಸರು ಒಂದು, ಅಂಗ ಎರಡು! ಮೀನಿನ ಮೈಮೇಲಿನ ಪುಟ್ಟ ಬಿಲ್ಲೆಗಳನ್ನು ಒಬ್ಬರು ‘ಹುರುಪೆ’ ಎಂದರೆ ಇನ್ನೊಬ್ಬರು ‘ಶಲ್ಕ’ ಎನ್ನುತ್ತಾರೆ. ಇಲ್ಲಿ ಅಂಗ ಒಂದು, ಹೆಸರು ಎರಡು!

ಬರೀ ಪದ ಹುಡುಕುವ ಕಂಪ್ಯೂಟರಿಗೆ ಈ ವ್ಯತ್ಯಾಸ ತಿಳಿಯದು. ಆದ್ದರಿಂದ ಜೀವವಿಜ್ಞಾನಿಗಳು ‘ಆಂಟಾಲಜಿ’ ಎಂಬ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಪ್ರಾಣಿಗಳ ಅಂಗಗಳಿಗಾಗಿ ಇರುವ ‘ಊಬೆರಾನ್’ ಅಂಥದೊಂದು. ಅದರಲ್ಲಿ ಅಂಗಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಕಣ್ಣಿನ ಸಂಖ್ಯೆ 0000970. ಯಾವ ಭಾಷೆಯಲ್ಲಿ ಕರೆದರೂ ಸಂಖ್ಯೆ ಅದೇ. ಜೊತೆಗೆ ಸಂಬಂಧವನ್ನೂ ಬರೆದಿರುತ್ತಾರೆ: ತೊಡೆಮೂಳೆಯು ಮೂಳೆಯ ಒಂದು ಬಗೆ; ಅದು ಹಿಂಗಾಲಿನ ಒಂದು ಭಾಗ.

ಇದರಿಂದ ಏನು ಪ್ರಯೋಜನ? ಅಮೆರಿಕದ ‘ಫೀನೋಸ್ಕೇಪ್’ ಯೋಜನೆಯವರು ಮೀನುಗಳ ಬಗ್ಗೆ ವಿಜ್ಞಾನಿಗಳು ಬರೆದಿಟ್ಟಿದ್ದ ವರ್ಣನೆಗಳನ್ನು ಹೀಗೆ ಜೋಡಿಸಿದರು. ಕ್ಯಾಟ್‌ಫಿಶ್ ಮೀನುಗಳಿಗೆ ಹುರುಪೆ ಇರುವುದಿಲ್ಲ. ಪ್ರಯೋಗಾಲಯದ ಜೀಬ್ರಾ ಮೀನಿನಲ್ಲಿ ‘ಇಡಿಎ’ ಎಂಬ ವಂಶವಾಹಿ ಕೆಟ್ಟರೂ ಹುರುಪೆ ಬೆಳೆಯುವುದಿಲ್ಲ. ಬೇರೆ ಬೇರೆ ಕಡೆ ಇದ್ದ ಈ ಎರಡು ಮಾಹಿತಿಗಳನ್ನು ಕಂಪ್ಯೂಟರ್ ಅಕ್ಕಪಕ್ಕ ತಂದಿಟ್ಟಿತು. ಕ್ಯಾಟ್‌ಫಿಶ್‌ನಲ್ಲಿ ಯಾವ ವಂಶವಾಹಿಯನ್ನು ಪರೀಕ್ಷಿಸಬೇಕು ಎಂಬ ಸುಳಿವು ಸಿಕ್ಕಿತು. ಆ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸುಳಿವು ಕೊಡುವುದು ಕಂಪ್ಯೂಟರ್; ಅದು ನಿಜವೇ ಎಂದು ಪರೀಕ್ಷಿಸುವುದು ವಿಜ್ಞಾನಿಗಳ ಕೆಲಸ.

‘ಅಂಗಗಳನ್ನು ನೋಡಿ ವರ್ಣಿಸುವುದು ಹಳೆಯ ಕಾಲದ ಕೆಲಸ, ಪ್ರಯೋಗ ಮಾಡುವುದೇ ನಿಜವಾದ ವಿಜ್ಞಾನ’ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲವೆಂದು ಯಾರೋ ಗಮನವಿಟ್ಟು ನೋಡಿ ಬರೆದಿಡದಿದ್ದರೆ ಕಂಪ್ಯೂಟರ್ ಏನನ್ನು ಜೋಡಿಸುತ್ತಿತ್ತು? ಸ್ಪಷ್ಟವಾಗಿ ಬರೆದ ಒಂದು ಸಾಲು ಎಷ್ಟೋ ವರ್ಷಗಳ ನಂತರವೂ ಉಪಯೋಗಕ್ಕೆ ಬರುತ್ತದೆ. ಅಸ್ಪಷ್ಟವಾಗಿ ಬರೆದದ್ದು ಪುಸ್ತಕದಲ್ಲೇ ಉಳಿದುಬಿಡುತ್ತದೆ.

ನೀವೂ ಈ ಅಭ್ಯಾಸ ಮಾಡಿಕೊಳ್ಳಿ. ‘ದಾಸವಾಳದ ಎಲೆ ಚೆನ್ನಾಗಿದೆ’ ಎಂದು ಬರೆದರೆ ಸಾಲದು. ಯಾವ ಭಾಗ? ಅದು ಯಾವುದರ ಭಾಗ? ಹೇಗಿದೆ? ಈ ಮೂರಕ್ಕೂ ಉತ್ತರವಿರಲಿ. ‘ಅಂಚು, ದಾಸವಾಳದ ಎಲೆಯ ಭಾಗ, ಗರಗಸದಂತೆ ಹಲ್ಲುಹಲ್ಲಾಗಿದೆ’ ಎಂದು ಬರೆಯಿರಿ. ಆ ಗಿಡವನ್ನೇ ನೋಡದ ಗೆಳೆಯನಿಗೆ ಓದಲು ಕೊಡಿ. ಅವನು ಓದಿ ಸರಿಯಾದ ಚಿತ್ರ ಬರೆದರೆ ನಿಮ್ಮ ವರ್ಣನೆ ಗೆದ್ದಂತೆ!